ಭುಜದ ಔಷಧಿ

ಪುಟ್ಟ ಗೋಲಿಯ ಕಂಕುಳಿನಿಂದ ದೊಡ್ಡವರ ಬೆವರಿನ ವಾಸನೆ ಬರುತ್ತಿದೆ ಎಂದು ಮೊದಲು ಪತ್ತೆ ಹಚ್ಚಿದವಳು ಅವಳ ಅಮ್ಮ. ಆ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ, ಯಾಕೆಂದರೆ ಮೂಗೇ ಅವಳ ಹೊಟ್ಟೆಪಾಡು. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ರಾಶಿ ಬಿದ್ದ ಟವೆಲು, ಹೊದಿಕೆಗಳನ್ನು ಮೂಸಿ ಮೂಸಿ ಬೇರೆ ಮಾಡುವುದು ಅವಳ ಕೆಲಸ. ಇದಕ್ಕೆ ತಲೆಯೆಣ್ಣೆ ತಗಲಿದೆ, ಬಿಸಿನೀರಿಗೆ ಹೋಗಲಿ. ಇದರಲ್ಲಿ ಯಾರೋ ವಾಂತಿ ಒರೆಸಿ ಮಡಚಿಟ್ಟಿದ್ದಾರೆ ಕಳ್ಳರು, ಆ ಬುಟ್ಟಿಗೆ. ಕಣ್ಣು ಕಟ್ಟಿ ಕೂರಿಸಿದರೂ ತಪ್ಪುವವಳಲ್ಲ.

"ರೀ, ಬನ್ನಿ ಇಲ್ಲಿ. ಇವಳ ಕಂಕುಳು ಮೂಸಿ ನೋಡಿ."

ಗಂಡ ಮೂಸಿದ. ಗೋಲಿ ಕಚಗುಳಿ ತಾಳಲಾರದೆ ಕಿಲಕಿಲ ನಕ್ಕಳು. ಎರಡೂವರೆ ವರ್ಷದ ಮಗು, ಬೆಣ್ಣೆಯಂಥ ಚರ್ಮ. ಬಂದದ್ದು ಮಾತ್ರ ದಿನವಿಡೀ ಏಣಿಯ ಮೇಲೆ ನಿಂತ ಗಂಡಸಿನ ವಾಸನೆ. ಅವನಿಗೆ ಅದು ಚೆನ್ನಾಗಿ ಗೊತ್ತು. ಅವನು ಪೇಂಟರ್, ಚಾವಣಿ ಬಳಿಯುವುದರಲ್ಲಂತೂ ನಿಜಕ್ಕೂ ಎತ್ತಿದ ಕೈ.

"ಸೆಖೆ ಕಣೇ," ಎಂದ.

"ಸೆಖೆ ನಿಮಗೆ. ಇವಳು ಯಾವ ಚಾವಣಿ ಬಳಿದು ಬಂದ್ಲು?"

ಅವತ್ತಿನಿಂದ ಶುರುವಾಯಿತು ಮಗುವಿನ ಪಾಡು. ದಿನಕ್ಕೆ ಎರಡು ಸ್ನಾನ. ಸೋಪು ಬದಲಾಯಿತು, ಆ ಸೋಪೂ ಬದಲಾಯಿತು. ಬೆಳ್ಳುಳ್ಳಿ ನಿಂತಿತು, ಮೊಟ್ಟೆ ನಿಂತಿತು. ಫ್ರಾಕುಗಳೆಲ್ಲ ಹೋಟೆಲಿನ ದೊಡ್ಡ ಯಂತ್ರದಲ್ಲಿ ಕದ್ದುಮುಚ್ಚಿ ಕುದಿದು ಬಂದವು. ಒಂದು ದಿನ ಅಮ್ಮ ನಿಂಬೆಹಣ್ಣು ಉಜ್ಜಿದಳು. ಗೋಲಿ ಮನೆ ಹಾರಿಹೋಗುವ ಹಾಗೆ ಕಿರುಚಿದಳು, ಕಂಕುಳು ಕೆಂಪಗಾಗಿ ಬೊಬ್ಬೆ ಎದ್ದಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ವಾಸನೆ ಮತ್ತೆ ಹಾಜರು.

ಇಷ್ಟೆಲ್ಲ ನಿಂತರೂ ಬೆಳಗಿನ ಆಟ ಒಂದು ನಿಲ್ಲಲಿಲ್ಲ. ಪೇಂಟರ್ ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಹೆಂಡತಿ ಅವನ ಭುಜನೋವಿನ ಮುಲಾಮಿನ ಟ್ಯೂಬು ತೆರೆದು ಮಗಳ ಅಂಗೈಗೆ ಒಂದಿಷ್ಟು ಹಿಂಡುತ್ತಿದ್ದಳು. ಗೋಲಿ ಮಂಚದ ಮೇಲೆ ನಿಂತು, ಎರಡೂ ಪುಟ್ಟ ಕೈಗಳಿಂದ ಅಪ್ಪನ ಭುಜ ತಿಕ್ಕುತ್ತಿದ್ದಳು. "ಉವ್ವಾ ಹೋಗು, ಉವ್ವಾ ಹೋಗು!"

"ನಮ್ಮನೆ ನರ್ಸಮ್ಮ," ಎಂದು ಹೆಂಡತಿ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡಿದ್ದಳು.

ಆದರೆ ಅದು ನೋವಿನ ಔಷಧಿಯೇ ಅಲ್ಲ. ಒಂಬತ್ತು ತಿಂಗಳ ಹಿಂದೆ ಏಣಿಯ ಮೇಲೆ ಕಣ್ಣು ಕತ್ತಲೆ ಬಂದು ಬೀಳುವುದರಲ್ಲಿದ್ದ. ಪರೀಕ್ಷೆ ಮಾಡಿದ ಡಾಕ್ಟರು, ಗಂಡಸಿನ ಹಾರ್ಮೋನು ತೀರಾ ಕಡಿಮೆಯಿದೆ, ದಿನಾ ಇದನ್ನು ಭುಜಕ್ಕೆ ಹಚ್ಚಿಕೋ ಎಂದರು. ಜೊತೆಯ ಪೇಂಟರುಗಳ ಕಿವಿಗೆ ಇದು ಬಿದ್ದಿದ್ದರೆ ಮುಗಿಯಿತು, ಸಾಯುವ ತನಕ ಅವನ ಹೆಸರು 'ಅಕ್ಕಮ್ಮ'. ಹೆಂಡತಿಗೆ ಹೇಳೋಣವೆಂದರೆ ನಾಲಿಗೆ ಏಳಲಿಲ್ಲ. ಔಷಧಿಯ ಡಬ್ಬಿಯನ್ನು, ಒಳಗಿದ್ದ ಸೂಚನೆಯ ಚೀಟಿಯ ಸಮೇತ, ಬೀದಿಯ ಕಸದ ತೊಟ್ಟಿಗೆ ಹಾಕಿದ. ಟ್ಯೂಬಿನ ಮೇಲಿನ ಹೆಸರನ್ನು ಉಗುರಿನಿಂದ ಕೆರೆದ. ಮಕ್ಕಳಿಗೆ ಮುಟ್ಟಿಸಬೇಡಿ ಎಂದು ಆ ಚೀಟಿಯಲ್ಲಿ ಇರುವೆಸಾಲಿನಂಥ ಅಕ್ಷರದಲ್ಲಿ ಬರೆದಿತ್ತು. ಓದಿದವರು ಯಾರು?

"ಭುಜ ನೋವು," ಎಂದಿದ್ದ. ಚಾವಣಿ ಬಳಿಯುವವನಿಗೆ ಭುಜ ನೋವೆಂದರೆ ಯಾರು ನಂಬುವುದಿಲ್ಲ?

ಹೆಂಡತಿ ಮೂಸಿ ನೋಡಿ, "ಇದೇನ್ರೀ, ಮುಲಾಮು ಅಂದ್ರೆ ಮೂಗಿಗೆ ಹೊಡೀಬೇಕು. ಇದು ಬರೀ ಸ್ಪಿರಿಟ್ಟು," ಎಂದಿದ್ದಳು.

"ಹೊಸಾ ತರದ್ದು."

ಜಗತ್ತಿನ ಕೊಳೆಯನ್ನೆಲ್ಲ ಮೂಗಿನಿಂದ ಹಿಡಿಯುವವಳು ಗಂಡನ ಬಾಯಿಮಾತನ್ನು ನಂಬಿದಳು.

ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದೊಡ್ಡಕ್ಕ ಒಂದು ಸಂಜೆ ಪೇಂಟರನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ತಪ್ಪು ತಿಳ್ಕೋಬೇಡಪ್ಪ. ಮಗು ಮೈಯಿಂದ ಗಂಡಸಿನ ವಾಸನೆ ಬರುತ್ತೆ. ಮನೇಲಿ ಯಾರ್ ಯಾರು ಇದ್ದೀರಿ?"

"ನಾವು ಮೂರೇ ಜನ."

"ಇವಳು ಯಾರ ಪಕ್ಕ ಮಲಗೋದು?"

ಅವಳು ಏನನ್ನು ಕೇಳುತ್ತಿದ್ದಾಳೆಂದು ಹೊಳೆಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಮುಖಕ್ಕೆ ಕುದಿಯುವ ನೀರು ಎರಚಿದಂತಾಯಿತು. "ಅವಳಮ್ಮನ ಪಕ್ಕ," ಎಂದವನೇ ಮಗಳನ್ನು ಎತ್ತಿಕೊಂಡು ಹೊರಟ. ದೊಡ್ಡಕ್ಕ ಬಾಗಿಲಲ್ಲಿ ನಿಂತು ತಿರುವಿನ ತನಕ ನೋಡುತ್ತಿದ್ದಳು.

ಆ ವಾರವೇ ಮಕ್ಕಳ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಗೋಲಿಯನ್ನು ಅಳೆದರು, ತೂಗಿದರು, ಮೂಗಿನ ಮೇಲೆದ್ದಿದ್ದ ಮೊಡವೆಯನ್ನು ಬೆರಳಿಂದ ಸವರಿ ನೋಡಿದರು. ರಕ್ತ ತೆಗೆಸಿದರು. ಅಂಗೈಯ ಎಕ್ಸ್‌ರೇ ತೆಗೆಸಿದರು. ನಾಲ್ಕು ದಿನ ಬಿಟ್ಟು ಕರೆಸಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಮಗುವಿಗೆ ಎರಡೂವರೆ. ಮೂಳೆಗೆ ನಾಲ್ಕು ದಾಟಿದೆ. ರಕ್ತದಲ್ಲಿ ಗಂಡು ಹಾರ್ಮೋನ್ ಜಾಸ್ತಿ ಇದೆ. ಮೂತ್ರಪಿಂಡದ ಮೇಲೆ ಒಂದು ಗ್ರಂಥಿ ಇರುತ್ತೆ, ಅಲ್ಲಿ ಗಡ್ಡೆ ಇದ್ರೆ ಹೀಗಾಗಬಹುದು. ಸ್ಕ್ಯಾನ್ ಮಾಡಲೇಬೇಕು. ಅದಕ್ಕೆ ಮುಂಚೆ ಒಂದು ವಿಷಯ. ಮನೇಲಿ ಯಾರಾದ್ರೂ ಹಾರ್ಮೋನ್ ಔಷಧಿ ಮೈಗೆ ಹಚ್ಕೋತೀರಾ?"

ಪೇಂಟರ್ ಉಗುರಿಗಂಟಿದ ಬಣ್ಣ ಕೆರೆಯತೊಡಗಿದ.

"ಇಲ್ಲ ಡಾಕ್ಟ್ರೇ," ಎಂದಳು ಹೆಂಡತಿ. "ಇವರದೊಂದು ಭುಜನೋವಿನ ಮುಲಾಮಿದೆ, ಅಷ್ಟೇ. ಅದನ್ನ ಇವಳೇ ತಿಕ್ಕೋದು, ದಿನಾ ಬೆಳಿಗ್ಗೆ." ಅಷ್ಟು ಭಯದಲ್ಲೂ ಅವಳ ದನಿಯಲ್ಲೊಂದು ಹೆಮ್ಮೆ ಇಣುಕಿತು.

ಡಾಕ್ಟರಮ್ಮ ಅವನತ್ತ ತಿರುಗಿದರು. "ಯಾವ ಮುಲಾಮು?"

"ನೋವಿಂದು," ಎಂದ. "ಮಾಮೂಲಿ."

ಬಾಯಿಂದ ಬಿದ್ದ ಮಾತು ಮೇಜಿನ ಮೇಲೆ ಸತ್ತ ಹಲ್ಲಿಯ ಹಾಗೆ ಬಿದ್ದುಕೊಂಡಿತು. ಡಾಕ್ಟರಮ್ಮ ಸ್ಕ್ಯಾನಿಗೆ ಬರೆದುಕೊಟ್ಟರು.

ಸ್ಕ್ಯಾನಿನ ಕೋಣೆಯ ಹೊರಗೆ ಉದ್ದನೆಯ ಬೆಂಚು. ಮಗು ಅಲುಗಾಡಬಾರದು, ನಿದ್ದೆಯ ಮದ್ದು ಕೊಡಬೇಕು ಎಂದು ನರ್ಸು ಸೂಜಿ ತಂದಳು. ಹೆಂಡತಿ ಒಂದೇ ಸಮನೆ, "ಗಡ್ಡೆ ಇರಲ್ಲ ಅಲ್ವೇನ್ರೀ? ಇರಲ್ಲ ಅಲ್ವಾ?" ಎನ್ನುತ್ತಿದ್ದಳು. ನರ್ಸು ಗೋಲಿಯ ಎಡಗೈ ತಟ್ಟಿ ನರ ಹುಡುಕಿದಳು. ಸಿಗಲಿಲ್ಲ. ಬಲಗೈ ತಟ್ಟಿದಳು. ಸೂಜಿ ಚುಚ್ಚಿತು, ತಪ್ಪಿತು. ಗೋಲಿ ಉಸಿರು ಕಟ್ಟಿ, ನೀಲಿಗಟ್ಟಿ, ಆಮೇಲೆ ಕೂಗಿದಳು. ಮತ್ತೊಮ್ಮೆ ಚುಚ್ಚಲು ನರ್ಸು ಕೈ ಒರೆಸಿಕೊಂಡಳು.

"ಬೇಡ," ಎಂದ ಪೇಂಟರ್. "ನಿಲ್ಸಿ. ಅದು ನೋವಿನ ಮುಲಾಮಲ್ಲ."

ಹೆಂಡತಿ ಅರ್ಥವಾಗದೆ ನೋಡಿದಳು. ಅವನು ಗೋಡೆ ನೋಡುತ್ತ ಹೇಳಿ ಮುಗಿಸಿದ. ಏಣಿ, ಡಾಕ್ಟರು, ಹಾರ್ಮೋನು, ಕೆರೆದ ಹೆಸರು, ಎಲ್ಲ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ.

ಅವಳು ಕೂಗಾಡಲಿಲ್ಲ. ತನ್ನ ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

"ನಾನು ಹಿಂಡಿ ಕೊಡ್ತಿದ್ದೆ," ಎಂದಳು. "ದಿನಾ. ನನ್ನ ಕೈಯಾರೆ ಮಾಡಿಸಿಬಿಟ್ಟೆಯಲ್ಲೋ ನೀನು."

ಏಳು ವರ್ಷದ ಸಂಸಾರದಲ್ಲಿ, ಎಂಥ ಜಗಳದಲ್ಲೂ, ಅವಳ ಬಾಯಿಂದ 'ರೀ', 'ನೀವು' ಬಿಟ್ಟು ಬೇರೆ ಬಂದದ್ದಿಲ್ಲ. ಪೇಂಟರಿಗೆ ಬೈಗುಳವಾದರೂ ಸಹಿಸಬಹುದಿತ್ತು ಅನಿಸಿತು.

"ನನಗೆ ಹೇಳೋಕೆ ಏನಾಗಿತ್ತು ನಿನಗೆ?"

"ನಾಚಿಕೆ."

"ನಾಚಿಕೆ," ಎಂದಳು ಅವಳು, ಬುಟ್ಟಿಗೆ ಹಾಕುವ ಮುಂಚೆ ಬಟ್ಟೆಯನ್ನು ಮೂಸಿದ ಹಾಗೆ.

ಮತ್ತೆ ಕೋಣೆಗೆ ಹೋಗಿ ಹೇಳಿದಾಗ ಡಾಕ್ಟರಮ್ಮ ಬಯ್ಯಲಿಲ್ಲ. ಸ್ಕ್ಯಾನ್ ಸದ್ಯಕ್ಕೆ ಬೇಡ, ಆ ಔಷಧಿ ಮಗುವಿನ ಹತ್ತಿರ ಸುಳಿಯಬಾರದು, ಮಂಚದ ಹಾಸಿಗೆ-ಹೊದಿಕೆಯೆಲ್ಲ ತೊಳೆಯಿರಿ, ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ ಎಂದರು. ವಾಸನೆ ನಿಧಾನಕ್ಕೆ ಹೋಗುತ್ತದೆ. "ಬೇಗ ಬೆಳೆದ ಮೂಳೆ ಮಾತ್ರ ಹಿಂದಕ್ಕೆ ಬರಲ್ಲ. ಬೇಗ ದೊಡ್ಡವಳಾಗಿಬಿಡಬಹುದು, ಎತ್ತರ ಬೇಗ ನಿಂತುಬಿಡಬಹುದು. ಆಗದೇನೂ ಇರಬಹುದು. ಹತ್ತು ವರ್ಷ ಆಗೋ ತನಕ ಆರು ತಿಂಗಳಿಗೊಮ್ಮೆ ತೋರಿಸಬೇಕು. ಕೆಳಗೆ ಹೋಗಿ ಫೈಲ್ ಮಾಡಿಸ್ಕೊಳ್ಳಿ."

ಕೆಳಗೆ ಕೌಂಟರಿನ ಮುಂದೆ ದೊಡ್ಡ ಸಾಲು. ಬಗಲಲ್ಲಿ ಮಕ್ಕಳನ್ನು ಹೊತ್ತವರು, ಅಜ್ಜಿಯರು, ಬಾಟಲಿ ಹಿಡಿದ ಅಪ್ಪಂದಿರು. ಅವರ ಸರದಿ ಬಂದಾಗ ಗುಮಾಸ್ತ ತಲೆಯೆತ್ತದೆ ಕೇಳಿದ, "ಮಗು ವಯಸ್ಸು?"

"ಎರಡೂವರೆ," ಎಂದಳು ಹೆಂಡತಿ. ಅವಳ ಹೆಗಲ ಮೇಲೆ ಗೋಲಿ ಅತ್ತು ಅತ್ತು ನಿದ್ದೆ ಹೋಗಿದ್ದಳು.

"ತೊಂದರೆ?"

"ಕಂಕುಳಲ್ಲಿ ದೊಡ್ಡವರ ವಾಸನೆ."

"ಕಾರಣ ಗೊತ್ತಾಗಿದ್ಯಾ? ಚೀಟೀಲಿ ಸರಿಯಾಗಿ ಕಾಣಿಸ್ತಿಲ್ಲ."

ಹೆಂಡತಿ ಕೌಂಟರಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು. "ಹೇಳು," ಎಂದಳು. "ಪ್ರತಿ ಸಲ ನೀನೇ ಹೇಳ್ಬೇಕು. ನಾನು ಹೇಳಲ್ಲ."

ಪೇಂಟರ್ ಮುಂದೆ ಬಂದು, ಗಾಜಿನ ತೂತಿಗೆ ಬಾಯಿ ಹತ್ತಿರ ಮಾಡಿ, ಪಿಸುದನಿಯಲ್ಲಿ ಹೇಳಿದ.

"ಜೋರಾಗಿ ಹೇಳಿ ಸ್ವಾಮಿ, ಏನೂ ಕೇಳಿಸ್ತಿಲ್ಲ," ಎಂದ ಗುಮಾಸ್ತ.

ಸಾಲಿನಲ್ಲಿದ್ದವರು ಅವನತ್ತ ನೋಡಿದರು. ಅವನು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳಿಸುವಂತೆ, ಮೊದಲಿನಿಂದ ಶುರು ಮಾಡಿದ.