ಒಗೆಯಬಾರದ ಬಟ್ಟೆ

ನಾನು ಒಂದು ಬಟ್ಟೆ. ಆದರೆ ನನ್ನನ್ನು ಯಾರೂ ಉಟ್ಟಿಲ್ಲ, ಹೊದ್ದಿಲ್ಲ. ಮಗ್ಗದಿಂದ ಇಳಿದ ಮೇಲೆ ನನಗೆ ಗಂಜಿ ಕುಡಿಸಿ, ಬಿಸಿ ಉರುಳೆಗಳ ನಡುವೆ ಒತ್ತಿ ನುಣುಪು ಮಾಡಿದರು. ಮೈ ತಿಳಿನೀಲಿಯಾಯಿತು, ಬೆಳಕು ಹಾಯುವಷ್ಟು ತಿಳಿಯಾಯಿತು. ನಕ್ಷೆ ಬರೆಯುವ ಟ್ರೇಸಿಂಗ್ ಬಟ್ಟೆ ಎಂದು ನನ್ನನ್ನು ಕರೆದರು. ಕಾಗದಕ್ಕಿಂತ ಹೆಚ್ಚು ಕಾಲ ಬಾಳುತ್ತೇನೆ. ನೀರೊಂದೇ ನನಗೆ ಆಗದು. ಹನಿ ಬಿದ್ದರೂ ಗಂಜಿ ಬಿಟ್ಟು ಕಲೆಯಾಗುತ್ತದೆ. ಅಂಥ ನನ್ನ ಮೇಲೆ ಬರೆದದ್ದು ನೀರೆತ್ತುವ ಮನೆಯ ನಕ್ಷೆಯನ್ನೇ.

ಹೊಳೆದಂಡೆಯ ಒಂದು ಊರಿನ ಇಂಜಿನಿಯರ್ ಕಚೇರಿಗೆ ನಾನು ಬಂದೆ. ಅಲ್ಲಿ ನನ್ನನ್ನು ಹಲಗೆಯ ಮೇಲೆ ಹಾಸಿದವರು ಡ್ರಾಫ್ಟ್ಸ್‌ಮನ್ ಕೊಟ್ರಯ್ಯ. ನನ್ನನ್ನು ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳುತ್ತಿದ್ದರು. ಬೆವರಿನ ಹನಿ ನನ್ನ ಮೇಲೆ ಬೀಳದಿರಲಿ ಎಂದು ಮಣಿಕಟ್ಟಿಗೆ ಕರವಸ್ತ್ರ ಸುತ್ತುತ್ತಿದ್ದರು. ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಹುಟ್ಟಿದಂದಿನಿಂದ ನನ್ನನ್ನು ಅಷ್ಟು ಮೆತ್ತಗೆ ಮುಟ್ಟಿದವರು ಇನ್ನೊಬ್ಬರಿಲ್ಲ.

ನಕ್ಷೆಯ ಯೋಚನೆ ಇಂದುಮತಿಯವರದು. ಆ ಕಚೇರಿಯಲ್ಲಿದ್ದ ಒಬ್ಬಳೇ ಹೆಣ್ಣು ಇಂಜಿನಿಯರು. ಊರಿನ ಬಚ್ಚಲ ನೀರೆಲ್ಲ ತಗ್ಗಿನಲ್ಲಿರುವ ಮಡಿವಾಳರ ಕೇರಿಯ ಪಕ್ಕ ಒಂದು ಬಾವಿಗೆ ಬಂದು ಸೇರಬೇಕು. ಅಲ್ಲಿಂದ ಮೋಟಾರುಗಳು ಅದನ್ನೆತ್ತಿ ಊರಾಚೆಯ ಹೊಂಡಕ್ಕೆ ದೂಡಬೇಕು. ಮೋಟಾರು ಮುಳುಗಿತೋ, ಆ ಹೊಲಸೆಲ್ಲ ತಿರುಗಿ ಕೇರಿಯ ಮನೆಗಳಿಗೇ ನುಗ್ಗುತ್ತದೆ. ಆದ್ದರಿಂದ ಮೋಟಾರು ಕೂರಿಸುವ ನೆಲ ಎಷ್ಟು ಎತ್ತರ ಇರಬೇಕು ಎಂಬುದೇ ದೊಡ್ಡ ಮಾತು.

"ಹೊಳೆ ಉಕ್ಕಿದಾಗ ನೀರು ಹನ್ನೊಂದು ಅಡಿ ಬಂದಿತ್ತು ಅಂತ ದಾಖಲೆ ಹೇಳುತ್ತೆ ಮೇಡಂ," ಎಂದರು ಕೊಟ್ರಯ್ಯ.

"ದಾಖಲೆ ಬರೆದವರು ಆ ದಿನ ಹೊಳೆ ಕಡೆ ಹೋಗೇ ಇರಲಿಲ್ಲ ಕೊಟ್ರಯ್ಯನೋರೆ. ದ್ಯಾಮವ್ವ ಮನೇಲೇ ಇದ್ದರು."

ದ್ಯಾಮವ್ವ ಆ ಕೇರಿಯಲ್ಲಿ ಊರಿನ ಬಟ್ಟೆ ಒಗೆಯುವ ಹೆಂಗಸು. ಹಿಂದೊಮ್ಮೆ ಹೊಳೆ ಮನೆಯೊಳಗೆ ಬಂದು ನಿಂತಾಗ ಕೇರಿಯ ಹೆಂಗಸರು ಅದಕ್ಕೆ ಉಡಿ ತುಂಬಿ, ನೀರು ಮುಟ್ಟಿದ ಜಾಗದಲ್ಲಿ ಗೋಡೆಗೆ ಅರಿಶಿನದ ಗೆರೆ ಎಳೆದಿದ್ದರಂತೆ. ವರ್ಷಕ್ಕೊಮ್ಮೆ ಅದೇ ಗೆರೆಗೆ ಹೊಸ ಅರಿಶಿನ. ಇಂದುಮತಿ ಟೇಪು ಹಿಡಿದು ಆ ಗೆರೆಯನ್ನು ಅಳೆದು ಬಂದರು. ಬಾವಿಯ ತಳದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ಅಡಿ. "ಅದರ ಮೇಲೆ ಇನ್ನೂ ಮೂರು ಅಡಿ ಇರಲಿ. ಇನ್ನು ನಿಮ್ಮ ಮನೆಗೆ ಹೊಲಸು ಬರಲ್ಲ ಅಂತ ಆಕೆಗೆ ಮಾತು ಕೊಟ್ಟು ಬಂದಿದ್ದೀನಿ," ಎಂದರು. ಕೊಟ್ರಯ್ಯ ನನ್ನ ಮೈಮೇಲೆ ಹದಿನೇಳು ಎಂದು ಮುದ್ದಾಗಿ ಬರೆದರು. ಇಂದುಮತಿ ಮೂಲೆಯಲ್ಲಿ ಸಹಿ ಮಾಡಿದರು. ಆ ಅಂಕಿ ಹೊತ್ತು ನನಗೆ ಹೆಮ್ಮೆಯಾಗಿತ್ತು.

ಮರುತಿಂಗಳು ಇಂದುಮತಿಯವರನ್ನು ಬೇರೆ ಊರಿನ ಕೆಲಸಕ್ಕೆ ಹಾಕಿದರು. ಅವರು ಹೋದ ವಾರವೇ ದೊಡ್ಡ ಸಾಹೇಬರು ನನ್ನೆದುರು ಬಂದು ನಿಂತರು.

"ಇಷ್ಟೆತ್ತರ ಕಟ್ಟಿದರೆ ಪ್ರವಾಸಿ ಮಂದಿರದ ಜಗಲಿಗೆ ಹೊಳೆ ಕಾಣುತ್ತೇನ್ರೀ? ಬಂದ ಮಂತ್ರಿಗಳು ಕಾಫಿ ಕುಡೀತಾ ಈ ಗಲೀಜು ಮನೆ ಬೆನ್ನು ನೋಡಬೇಕಾ? ನಾಲ್ಕಡಿ ಇಳಿಸಿ."

"ಮೇಡಂಗೆ ಒಂದು ಮಾತು..."

"ಸಹಿ ಆಗಿದೆಯಲ್ಲ, ಮತ್ತೇನು? ನೀವು ಬರೆಯೋರು, ಬರೀರಿ."

ಕೊಟ್ರಯ್ಯ ಆ ದಿನವೂ ಕೈ ತೊಳೆದುಕೊಂಡರು. ಮಣಿಕಟ್ಟಿಗೆ ಕರವಸ್ತ್ರ ಸುತ್ತಿದರು. ಅರ್ಧ ಬ್ಲೇಡು ತೆಗೆದು ನನ್ನ ಮೈ ಕೆರೆಯತೊಡಗಿದರು. ನೆಲದ ಗೆರೆಯನ್ನು ಕೆರೆದು ಕೆಳಗೆ ಎಳೆದರು. ಏಳನ್ನು ಕೆರೆದು ಮೂರು ಮಾಡಿದರು. ಮಸಿ ಹರಡದಿರಲೆಂದು ಆ ಜಾಗವನ್ನು ಉಗುರಿನ ಬೆನ್ನಿನಿಂದ ಉಜ್ಜಿ ನುಣುಪು ಮಾಡಿದರು. ಮೋಸ ಮಾಡುವಾಗಲೂ ಅಷ್ಟೇ ನಾಜೂಕು, ಅಷ್ಟೇ ಬಿಗಿಹಿಡಿದ ಉಸಿರು. ನಕ್ಷೆ ತಿದ್ದಿದರೆ ತಾರೀಖು ಹಾಕಿ ಮತ್ತೆ ಸಹಿ ಪಡೆಯಬೇಕೆಂದು ಮೂಲೆಯಲ್ಲೊಂದು ಚೌಕವಿದೆ. ಅದನ್ನು ಖಾಲಿ ಬಿಟ್ಟರು. ಇಂದುಮತಿಯವರ ಸಹಿಯನ್ನು ಮಾತ್ರ ಮುಟ್ಟಲಿಲ್ಲ.

ನನ್ನಿಂದ ತೆಗೆದ ಪ್ರತಿಗಳೆಲ್ಲ ಹದಿಮೂರು ಎಂದೇ ಹೇಳಿದವು. ಹಾಗೇ ಕಟ್ಟಿದರು.

ಮೂರನೆಯ ಮಳೆಗಾಲಕ್ಕೆ ಹೊಳೆ ಬಂತು. ಅರಿಶಿನದ ಗೆರೆಯವರೆಗೆ ಬಂದು ನಿಂತಿತು, ಮೇಲಕ್ಕೆ ಒಂದು ಬೆರಳೂ ಹೋಗಲಿಲ್ಲ. ಆದರೆ ಮೋಟಾರುಗಳು ಗೆರೆಗಿಂತ ಒಂದಡಿ ಕೆಳಗಿದ್ದವು. ನಾಲ್ಕು ದಿನ ಊರಿನ ಹೊಲಸೆಲ್ಲ ಕೇರಿಯ ಅಡುಗೆಮನೆಗಳಲ್ಲಿ ನಿಂತಿತ್ತು.

ವಿಚಾರಣೆಗೆ ನನ್ನನ್ನು ಮೇಜಿನ ಮೇಲೆ ಹಾಸಿದರು. ಇಂದುಮತಿ ಬಂದಿದ್ದರು. ಕೇರಿಯ ಪರವಾಗಿ ದ್ಯಾಮವ್ವ ಬಂದಿದ್ದಳು.

"ಈಕೀನ ಬಂದು ಅಳತಿ ಮಾಡ್ಕೊಂಡು ಹೋದಾಕಿರಿ. ಮಗಳಂಗ ಕುಂದರಿಸಿ ಚಾ ಕುಡಿಸಿ ಗೆರಿ ತೋರಿಸಿದ್ದೆ. ಇಂಥಾ ಮೋಸಕ್ಕ ಗೆರಿ ಯಾಕ ಬೇಕಿತ್ತವಾ ನಿನಗ?"

"ನಾನು ಬರೆಸಿದ್ದು ಹದಿನೇಳು," ಎಂದರು ಇಂದುಮತಿ.

"ಸಹಿ ನಿಮ್ಮದು ತಾನೆ?" ಅಧಿಕಾರಿ ಕೇಳಿದರು.

"ನನ್ನದೇ."

"ಕೊಟ್ರಯ್ಯ, ನೀವೇನು ಹೇಳ್ತೀರಿ?"

ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. "ನೆನಪಿಲ್ಲ ಸಾರ್," ಎಂದರು.

ನನ್ನನ್ನು ಒಮ್ಮೆ ಎತ್ತಿ ಬೆಳಕಿಗೆ ಹಿಡಿದಿದ್ದರೆ ಸಾಕಿತ್ತು, ಕೆರೆದ ಜಾಗ ಕಾಣುತ್ತಿತ್ತು. ಕೆಳಗೆ ಮರದ ಮೇಜು. ಯಾರೂ ಎತ್ತಲಿಲ್ಲ. ತಪ್ಪು ಇಂದುಮತಿಯವರದೆಂದು ತೀರ್ಮಾನವಾಯಿತು. ನನ್ನ ಬಾಯಿಂದಲೇ ಸುಳ್ಳು ಹೇಳಿಸಿದ್ದರು. ದ್ಯಾಮವ್ವ ಹೊರಗೆ ಹೋಗುವಾಗ ಇಂದುಮತಿ ನಿಂತ ಕಡೆ ತಿರುಗಿಯೂ ನೋಡಲಿಲ್ಲ.

ಎಷ್ಟೋ ವರ್ಷ ಕಪಾಟಿನಲ್ಲಿ ಸುರುಳಿಯಾಗಿ ಬಿದ್ದಿದ್ದೆ. ಆಮೇಲೆ ಹಳೆಯ ಟ್ರೇಸಿಂಗ್ ಬಟ್ಟೆಗಳನ್ನು ತೆಗೆದುಹಾಕುವ ದಿನ ಬಂತು. ಬಿಸಿನೀರಿನಲ್ಲಿ ನೆನೆಸಿದರೆ ನಮ್ಮ ಗಂಜಿ, ಮಸಿ ಎಲ್ಲ ಬಿಟ್ಟು ಒಳ್ಳೆಯ ಹತ್ತಿ ಬಟ್ಟೆ ಉಳಿಯುತ್ತದೆ, ಕೂಸಿಗೆ ಕುಲಾವಿ ಹೊಲಿಯಬಹುದು. ಅದಕ್ಕೇ ಕಚೇರಿಯವರೆಲ್ಲ ಒಂದೊಂದು ಒಯ್ದರು. ಆ ತಿಂಗಳು ನಿವೃತ್ತರಾಗಲಿದ್ದ ಕೊಟ್ರಯ್ಯ ಹುಡುಕಿ ನನ್ನನ್ನೇ ಆರಿಸಿಕೊಂಡರು. ತೊಳೆದುಬಿಡುತ್ತಾರೆ, ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವರು ಬಸ್ಸು ಹಿಡಿದು ಇಂದುಮತಿಯವರ ಮನೆಗೆ ಬಂದರು.

"ಒಲೆ ಮೇಲೆ ನೀರೂ ಇಟ್ಟಿದ್ದೆ ಮೇಡಂ. ಕೈ ಬರಲಿಲ್ಲ."

ಇಂದುಮತಿ ನನ್ನನ್ನು ಕಿಟಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಕೊಟ್ರಯ್ಯನವರಿಗೆ ಕುಡಿಯಲು ನೀರು ತಂದುಕೊಟ್ಟರು.

ಮರುದಿನ ಇಂದುಮತಿ ನನ್ನನ್ನು ದ್ಯಾಮವ್ವನ ಮನೆಗೆ ಒಯ್ದರು. ಆಕೆಗೆ ಓದು ಬಾರದು. ಒಳಗೆ ಕರೆಯದೆ, ಅಂಗಳದಲ್ಲೇ ನನ್ನನ್ನು ಇಸಕೊಂಡು ಬಿಸಿಲಿಗೆ ಹಿಡಿದಳು. ಅಂಕಿಯ ಹತ್ತಿರ ಅವಳ ಹೆಬ್ಬೆರಳು ನಿಂತಿತು.

"ಇಲ್ಲಿ ಸವದೈತಲ್ಲ! ಕಲಿ ತಗ್ಯಾಕ ತಿಕ್ಕಿದ ಅರಿವಿ ಹಿಂಗಽ ತೆಳ್ಳಗಾಕ್ಕತಿ. ಇದನ್ನ ಯಾರೋ ಕೆರದಾರ." ಆಮೇಲೆ ಇಂದುಮತಿಯ ಮುಖ ನೋಡಿದಳು. "ನೀ ಅಲ್ಲ?"

"ನಾನಲ್ಲ ದ್ಯಾಮವ್ವಾ."

"ಒಳಗ ಬಾರವಾ. ಚಾ ಮಾಡ್ತೀನಿ. ಈ ಅರಿವಿ ನನ್ನ ಹತ್ರನ ಇರಲಿ, ಕೇರಿ ಮಂದಿಗೆ ತೋರಸ್ಬೇಕು."

ದ್ಯಾಮವ್ವ ಈಗಿಲ್ಲ. ಪಂಪ್‌ಹೌಸು ಇನ್ನೂ ಹದಿಮೂರು ಅಡಿಯಲ್ಲೇ ಇದೆ. ಕಚೇರಿಯ ಕಾಗದದಲ್ಲಿ ತಪ್ಪು ಇನ್ನೂ ಇಂದುಮತಿಯವರದೇ. ನಾನು ದ್ಯಾಮವ್ವನ ಸೊಸೆಯ ಪೆಟ್ಟಿಗೆಯಲ್ಲಿದ್ದೇನೆ. ಗೆರೆಗೆ ಅರಿಶಿನ ಹಚ್ಚುವ ದಿನ ನನ್ನನ್ನು ಹೊರಗೆ ತೆಗೆದು ಒಮ್ಮೆ ಬಿಸಿಲಿಗೆ ಹಿಡಿಯುತ್ತಾರೆ. ಊರಿನ ಬಟ್ಟೆಯನ್ನೆಲ್ಲ ಒಗೆಯುವ ಈ ಮನೆಯಲ್ಲಿ ಒಗೆಯಬಾರದ ಬಟ್ಟೆ ನಾನೊಂದೇ. ಬಿಸಿಲಿಗೆ ಹಿಡಿದಾಗ ಆ ಸವೆದ ಜಾಗಕ್ಕೆ ಬೆಳಕು ತಾಗುತ್ತದೆ. ಇದನ್ನು ಕೆರೆದದ್ದೂ ಅಷ್ಟು ಮೆತ್ತಗೆ ಮುಟ್ಟಿದ ಕೈಯೇ ಅಲ್ಲವೇ ಎಂದು ಪ್ರತಿಸಲವೂ ಅನ್ನಿಸುತ್ತದೆ.