ಕಂಚಿನ ಗಿಡುಗನ ಒಂಬತ್ತನೆಯ ಸಾವು

ಕಂಚಿನ ಗಿಡುಗ ಮತ್ತೆ ಸತ್ತ. ಇದು ಒಂಬತ್ತನೆಯ ಸಲ.

ಮುಖಪುಟದ ಮೇಲೆ ದಪ್ಪಕ್ಷರದಲ್ಲಿ 'ಈ ಸಲ ನಿಜವಾಗಿಯೂ!' ಎಂದು ಅಚ್ಚು ಹಾಕಿದ್ದರು. ಹಾಗಾದರೆ ಹಿಂದಿನ ಎಂಟು ಸಲ ತಮಾಷೆಗೆ ಸತ್ತಿದ್ದನೇ ಎಂದು ಬೈಂಡರ್‌ಗೆ ಮೈಯೆಲ್ಲ ಉರಿಯಿತು. ಮೂವತ್ತೈದು ವರ್ಷಗಳಿಂದ ಈ ಕಾಮಿಕ್ಸನ್ನು ಒಂದು ಸಂಚಿಕೆಯೂ ಬಿಡದೆ ಓದಿದವನು ಅವನು. ಹಗಲೆಲ್ಲ ಕಚೇರಿಯ ರಿಜಿಸ್ಟರು, ಶಾಲೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಕಸುಬು; ಬಿಡುವಾದರೆ ಗಿಡುಗನಿಗೂ ಅದೇ ಉಪಚಾರ. ನಾಯಕ ಸತ್ತಲ್ಲಿಗೆ ಒಂದು ಸಂಪುಟ ಮುಗಿಸಿ ಬೆನ್ನಿಗೆ ಕಪ್ಪು ಬಟ್ಟೆ ಅಂಟಿಸುವುದು ಅವನ ಪದ್ಧತಿ. ಮೊದಲ ಸಾವಿನ ಸಂಪುಟ ಕಟ್ಟಿದ ದಿನ, ಇನ್ನೂ ಮೀಸೆ ಮೂಡದ ವಯಸ್ಸು, ಅಂಗಡಿಯ ಹಿಂದೆ ಕೂತು ಗೊಳೋ ಎಂದು ಅತ್ತಿದ್ದ. ಐದೇ ತಿಂಗಳಿಗೆ ಗಿಡುಗ ಹಿಮದ ಗುಹೆಯಿಂದ ಮೈ ಕೊಡವಿಕೊಂಡು ಎದ್ದುಬಂದ. ಆ ಕಣ್ಣೀರು ದಂಡವಾದ ಸಿಟ್ಟು ಅವನಿಗೆ ಇನ್ನೂ ಇಳಿದಿಲ್ಲ.

ಆಮೇಲಿನ ಸಾವುಗಳಿಗೆ ಅವನು ಅಳಲಿಲ್ಲ, ಉಗಿದ. ಒಮ್ಮೆ ಸತ್ತದ್ದು ಅವಳಿ ತಮ್ಮ. ಇನ್ನೊಮ್ಮೆ ಎಲ್ಲ ಕನಸಂತೆ. ಒಂದು ಸಲವಂತೂ ಬೂದಿಯಾದವನನ್ನು ಗಾಜಿನ ಡಬ್ಬಿಗೆ ಹಾಕಿ ನೀರು ಹೊಯ್ದು ಎಬ್ಬಿಸಿದರು, ಹಾಲಿನ ಪುಡಿ ಕದಡಿದ ಹಾಗೆ.

"ಬರೆಯೋರಿಗೆ ನಾಚಿಕೆ ಅನ್ನೋದೇ ಇಲ್ಲ," ಎಂದು ಅಂಗಡಿಗೆ ಬಂದವರಿಗೆಲ್ಲ ಅವನ ಉಪದೇಶ. "ಹೆಣ ಕಣ್ಣಿಗೆ ತೋರಿಸೋ ತನಕ ಯಾವನೂ ಸತ್ತಿಲ್ಲ ಅಂತ ತಿಳ್ಕೊಳ್ಳಿ. ಬರೀ ಹೊಗೆ, ಬೆಂಕಿ ತೋರಿಸಿದ್ರೆ, ಆರನೇ ತಿಂಗಳಿಗೆ ಆಸಾಮಿ ಹಾಜರ್!"

ಗಿರಾಕಿಗಳು ಹೂಂಗುಟ್ಟಿ ಹೋಗುತ್ತಿದ್ದರು. ಮನಸ್ಸಿಟ್ಟು ಕೇಳಿದವಳು ಒಬ್ಬಳೇ: ಅಕ್ಕನ ಮಗಳು, ಒಂಬತ್ತು ವರ್ಷದ ಚೂಟಿ. ಶಾಲೆ ಬಿಟ್ಟೊಡನೆ ಬಂದು ಕಾಗದದ ಕಟ್ಟಿನ ಮೇಲೆ ಕೂತು ಸಂಪುಟಗಳನ್ನೆಲ್ಲ ಓದಿ ಮುಗಿಸಿದ್ದಳು.

ಹೊಸ ಸಂಚಿಕೆ ಬಂದ ದಿನವೇ ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಲಾರಿ ಓಡಿಸುತ್ತಿದ್ದ ಭಾವ ಅಪಘಾತದಲ್ಲಿ ತೀರಿಕೊಂಡು ಮೂರು ತಿಂಗಳಾಗಿತ್ತು.

"ಮಗು ಇವತ್ತಿನವರೆಗೂ ಒಂದು ಹನಿ ಕಣ್ಣೀರು ಹಾಕಿಲ್ಲ ಕಣೋ," ಎಂದಳು. "ದಿನಾ ಅವರ ಬೂಟಿಗೆ ಪಾಲಿಶ್ ಹಾಕ್ತಾಳೆ. ಅವರ ಅಂಗಿ ಯಾರಿಗಾದ್ರೂ ಕೊಡೋಣ ಅಂದ್ರೆ ಬೀರುವಿಗೆ ಅಡ್ಡ ನಿಲ್ತಾಳೆ. ನನ್ನ ಕೈಲಿ ಆಗ್ತಿಲ್ಲ. ನೀನಾದ್ರೂ ಮಾತಾಡು, ನೀನು ಹೇಳಿದ್ದೇ ಅವಳಿಗೆ ವೇದವಾಕ್ಯ."

ಅವನು ಅಂಟಿನ ಕೈ ತೊಳೆದುಕೊಂಡು, ಮಾತಿಗೊಂದು ನೆಪವಿರಲೆಂದು ಸಂಚಿಕೆಯನ್ನು ಹಿಡಿದು ಅಕ್ಕನ ಮನೆಗೆ ಹೊರಟ. ಚೂಟಿ ಜಗಲಿಯ ಮೇಲೆ ಕೂತು ಕೊನೆಯ ಪುಟಕ್ಕೇ ನೇರ ಹೋದಳು. ಸ್ಫೋಟ, ಹೊಗೆ, ಒಂದು ಮುರಿದ ರೆಕ್ಕೆ.

"ಸತ್ತಿಲ್ಲ ಅಲ್ವಾ ಮಾವ?"

"ಇವನೆಲ್ಲಿ ಸಾಯ್ತಾನೆ!" ಎಂದು ಮೂಗು ಮುರಿದ.

"ಅಪ್ಪನೂ ಅಷ್ಟೇ. ಎಲ್ರೂ ಸತ್ರು ಸತ್ರು ಅಂತಾರೆ, ಯಾರೂ ತೋರಿಸ್ಲಿಲ್ಲ. ಇನ್ನು ಮೂರು ತಿಂಗಳು ಇದೆ. ಅಮ್ಮಂಗೆ ಹೇಳ್ಬೇಡ, ಸುಮ್ನೆ ಬೈತಾಳೆ."

ಬೈಂಡರ್ ಅವಳ ಪಕ್ಕ ಕೂತ. ಮಗುವಿಗೆ ಆ ಮುಖ ತೋರಿಸಬೇಡಿ, ಪಕ್ಕದ ಮನೆಗೆ ಕಳಿಸಿ ಎಂದು ಆ ದಿನ ಹಟ ಹಿಡಿದವನು ಅವನೇ. ಹೆಣ ಮುಚ್ಚಿಟ್ಟು ಓದುಗರ ಕಣ್ಣಿಗೆ ಮಣ್ಣೆರಚುತ್ತಾರೆಂದು ಮೂವತ್ತೈದು ವರ್ಷ ಬೈದ ಮಹಾನುಭಾವ, ತನ್ನ ಸರದಿ ಬಂದಾಗ ಮಾಡಿದ್ದೂ ಅದನ್ನೇ. ಆ ಬರಹಗಾರರಾದರೂ ಹೊಟ್ಟೆಪಾಡಿಗೆ ಮಾಡಿದರು. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಚೂಟಿ, ನಾನು ನೋಡ್ದೆ," ಎಂದ. "ಆಸ್ಪತ್ರೆಯಲ್ಲಿ ಗುರುತು ಹಿಡಿದವನು ನಾನೇ. ಕೈ ಮುಟ್ಟಿದೆ, ತಣ್ಣಗಿತ್ತು. ಅಪ್ಪ ಸತ್ತಿದ್ದಾರೆ. ಆರು ತಿಂಗಳಿಗಲ್ಲ, ಯಾವತ್ತೂ ಬರಲ್ಲ."

"ನನಗ್ಯಾಕೆ ತೋರಿಸ್ಲಿಲ್ಲ?"

"ನಾನೇ ಬೇಡ ಅಂದೆ. ತಪ್ಪು ಮಾಡಿದೆ."

ಅವಳು ಅವನ ಮುಖವನ್ನೇ ದುರುಗುಟ್ಟಿ ನೋಡಿದಳು. ನಂಬಿಕೆ ಬಂದಿರಲಿಲ್ಲ. ಅನುಮಾನ ಪಡುವುದನ್ನು ಅವನೇ ಚೆನ್ನಾಗಿ ಕಲಿಸಿದ್ದ.

"ಹಾಗಾದ್ರೆ ಹೇಳು. ಯಾವ ಅಂಗಿ ಹಾಕ್ಕೊಂಡಿದ್ರು?"

"ನೀಲಿದು. ತೋಳು ಮಡಚಿತ್ತು. ಮೇಲಿಂದ ಎರಡನೇ ಗುಂಡಿ ಇರ್ಲಿಲ್ಲ, ದಾರ ಮಾತ್ರ ನೇತಾಡ್ತಿತ್ತು."

ಚೂಟಿ ಸಂಚಿಕೆಯನ್ನು ಬದಿಗಿಟ್ಟಳು.

"ಅವತ್ತು ಹೋಗ್ಬೇಡ ಅಂತ ಅಂಗಿ ಹಿಡಿದು ಎಳೆದೆ," ಎಂದಳು. "ಅದು ನನ್ನ ಕೈಗೇ ಕಿತ್ಕೊಂಡು ಬಂತು."

ಆಮೇಲೆ ಅವಳು ಅತ್ತ ಅಳುವಿಗೆ ಒಳಗಿದ್ದ ಅಕ್ಕ ಓಡಿಬಂದಳು.