ನಾಲ್ಕು ಬೆರಳಗಲದ ಸಮುದ್ರ

ಧ್ರುವದ ಸಮುದ್ರದ ತಳದಿಂದ ಹಡಗಿನವರು ತೆಗೆದು ತರುವ ಕೆಸರನ್ನು ಓದುವುದೇ ಅಕ್ಕನ ಕೆಲಸ. ಓದುವುದು ಎಂದರೆ ಓದುವುದೇ. ಉದ್ದನೆಯ ಕೊಳವೆಯನ್ನು ತಳಕ್ಕೆ ಊರಿ ಮೇಲೆತ್ತಿದರೆ ಒಳಗೆ ಕೆಸರಿನ ಕಂಬವೊಂದು ಬರುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಅದನ್ನು ಗರಗಸದಿಂದ ಮೀಟರುದ್ದದ ತುಂಡುಗಳಾಗಿ ಕೊಯ್ದು, ನಡುವೆ ಸೀಳಿ, ತಟ್ಟೆಗಳಲ್ಲಿ ಮಲಗಿಸಿಡುತ್ತಾರೆ. ಹಿಮದ ಹಾಸು ತಳವನ್ನು ಅದುಮಿಕೊಂಡು ಕೂತಿದ್ದ ಕಾಲದ ಕೆಸರಾದರೆ ಅದು ಕಲ್ಲುಹರಳು ತುಂಬಿದ ಗಟ್ಟಿ ಜೇಡಿ. ಹಿಮ ಕರಗಿ ಬಯಲು ಸಮುದ್ರವಿದ್ದ ಕಾಲದ್ದಾದರೆ ನುಣುಪು, ತುಸು ಹಸಿರು, ಅದರಲ್ಲಿ ಸಾಸಿವೆಗಿಂತ ಸಣ್ಣ ಚಿಪ್ಪುಗಳು. ಇಷ್ಟು ತಿಳಿದವರಿಗೆ ಲಕ್ಷ ವರ್ಷದ ಕಥೆ ಬೆರಳ ತುದಿಗೆ ಸಿಗುತ್ತದೆ.

ಆ ಲ್ಯಾಬಿಗೆ ತಮ್ಮನನ್ನು ಸೇರಿಸಿದವಳೂ ಅವಳೇ. ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು, ಕೆಟ್ಟ ಗಡಿಯಾರಗಳನ್ನು ಬಿಚ್ಚಿ ಜೋಡಿಸುತ್ತ ಮನೆಯಲ್ಲಿ ಕೂತಿದ್ದವನು ಅವನು. ಓದು ತಲೆಗೆ ಹತ್ತದಿದ್ದರೂ ಕೈ ಮಾತ್ರ ಬಂಗಾರ. ತೆಳು ತಂತಿಯಿಂದ ಅವನು ಕೆಸರನ್ನು ಸೀಳಿದರೆ ಒಂದು ಚಿಪ್ಪೂ ಮುಕ್ಕಾಗುತ್ತಿರಲಿಲ್ಲ. ಲ್ಯಾಬಿನವರೆಲ್ಲ ಅವಳನ್ನು ಬಾಯ್ತುಂಬ 'ಅಕ್ಕ' ಎನ್ನುತ್ತಿದ್ದರು. ಒಡಹುಟ್ಟಿದವನು ಮಾತ್ರ ಅಲ್ಲಿ 'ಮೇಡಂ' ಎನ್ನುತ್ತಿದ್ದ. ವಶೀಲಿಯಿಂದ ಬಂದವನು ಅಂತ ಯಾರೂ ಆಡಿಕೊಳ್ಳಬಾರದು ಎಂಬ ಹಟ ಅವನದು.

ಅವಳಿಗೆ ಹೆಸರು ತಂದದ್ದು ಒಂದೇ ಒಂದು ಲೇಖನ. ಧ್ರುವದ ಒಂದು ಕೊಲ್ಲಿಯಲ್ಲಿ ಹಿಮದ ಹಾಸು ಒಮ್ಮೆ ಕೂತದ್ದು ಲಕ್ಷ ವರ್ಷ ಅಲುಗಲೇ ಇಲ್ಲ ಎಂದು ಅವಳು ಬರೆದಿದ್ದಳು. ಪಾಠದ ಪುಸ್ತಕಗಳಿಗೂ ಆ ಮಾತು ಹತ್ತಿತ್ತು. ಅದಾದ ನಾಲ್ಕು ವರ್ಷಕ್ಕೆ ಅದೇ ಕೊಲ್ಲಿಯಿಂದ ಮತ್ತೊಂದು ಕಂಬ ಬಂತು. ತಮ್ಮ ಅದನ್ನು ಸೀಳಿದ. ಏಳನೆಯ ತಟ್ಟೆಯಲ್ಲಿ, ಮೇಲೂ ಕೆಳಗೂ ಗಟ್ಟಿ ಜೇಡಿಯಿದ್ದು, ನಡುವೆ ನಾಲ್ಕು ಬೆರಳಗಲ ನುಣುಪು ಕೆಸರು ಕಂಡಿತು. ಅದರ ತುಂಬ ಚಿಪ್ಪು. ಅಂದರೆ ಹಿಮ ಬಂದಿತ್ತು, ಕರಗಿ ಹೋಗಿತ್ತು, ಅಲ್ಲಿ ಸಮುದ್ರ ಬಿಸಿಲು ಕಂಡಿತ್ತು, ಮತ್ತೆ ಹಿಮ ಬಂದಿತ್ತು.

ಅವನು ಅವಳಿಗೊಬ್ಬಳಿಗೇ ಹೇಳಬೇಕೆಂದು ಎರಡು ದಿನ ಅವಳ ಕೋಣೆಯ ಬಾಗಿಲಿಗೆ ಹೋಗಿ ಬಂದ. ಅವಳಿಗೆ ಪುರುಸೊತ್ತಿರಲಿಲ್ಲ. ಮೂರನೆಯ ದಿನ ಹೊರಗಿನಿಂದ ಬಂದ ಹಿರಿಯ ವಿಜ್ಞಾನಿಗಳ ಮುಂದೆ ಸಭೆ ನಡೆಯಿತು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಲ್ಲಿ ಅವನು ಎದ್ದು ನಿಂತ. ಏಳನೆಯ ತಟ್ಟೆಯಲ್ಲಿ ಕಂಡದ್ದನ್ನು ತಡವರಿಸುತ್ತ ಹೇಳಿದ. ಹಿರಿಯರು ಅವಳ ಕಡೆ ತಿರುಗಿದರು.

"ಬೇರೆ ಕಂಬದ್ದರ ಜೊತೆ ತಟ್ಟೆ ಅದಲುಬದಲಾಗಿರಬೇಕು," ಎಂದಳು ಅಕ್ಕ, ಕಾಗದದಿಂದ ತಲೆ ಎತ್ತದೆ. "ಇವನ ಕೈಯಲ್ಲಿ ಇಂಥದ್ದು ಆಗ್ತಾ ಇರುತ್ತೆ."

ಎರಡನೆಯ ಮಾತು ಶುದ್ಧ ಸುಳ್ಳು. ಆರು ವರ್ಷದಲ್ಲಿ ಅವನ ಕೈಯಲ್ಲಿ ಒಮ್ಮೆಯೂ ಹಾಗೆ ಆಗಿರಲಿಲ್ಲ. ಯಾರೋ ನಕ್ಕರು. ಅವನು ಕೂತುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅಂದು ಎರಡೂ ಒಟ್ಟಿಗೇ ಹೋದವು.

ಮುಂದಿನ ತಿಂಗಳು ಅವನು ಕೆಲಸ ಬಿಟ್ಟು ಕನ್ನಡಕದಂಗಡಿಯೊಂದರಲ್ಲಿ ಗಾಜು ಉಜ್ಜುವುದಕ್ಕೆ ಸೇರಿಕೊಂಡ. ಜಗಳವೇನೂ ಆಗಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದರು, ಮಕ್ಕಳ ಮಾರ್ಕ್ಸ್ ವಿಚಾರಿಸುತ್ತಿದ್ದರು, ಊಟ ಆಯಿತಾ ಎಂದು ಕೇಳುತ್ತಿದ್ದರು. ಕೆಸರಿನ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ಹೀಗೆ ಇಪ್ಪತ್ತೆರಡು ವರ್ಷ.

ಅವಳ ನಿವೃತ್ತಿಗೆ ಐದು ತಿಂಗಳಿದ್ದಾಗ ಇನ್ನೊಂದು ದೇಶದ ಹಡಗಿನವರು ಆ ಕೊಲ್ಲಿಯಲ್ಲಿ ಮೂರು ಕಡೆ ಕೊಳವೆ ಇಳಿಸಿದರು. ಮೂರರಲ್ಲೂ ಜೇಡಿಯ ನಡುವೆ ಹಸಿರು ಪಟ್ಟಿ. ಹಳೆಯ ಕಂಬವನ್ನು ಒಮ್ಮೆ ನೋಡಿ ತಿಳಿಸುತ್ತೀರಾ ಎಂದು ವಿನಯವಾಗಿ ಪತ್ರ ಬರೆದರು.

ಅಕ್ಕ ಒಬ್ಬಳೇ ಶೀತಕೋಣೆಗೆ ಹೋದಳು. ಏಳನೆಯ ತಟ್ಟೆ, ಎಂಟನೆಯ ತಟ್ಟೆ ಎರಡನ್ನೂ ಎಳೆದು ಮೇಜಿನ ಮೇಲೆ ತುದಿಗೆ ತುದಿ ತಾಗಿಸಿಟ್ಟಳು. ಏಳನೆಯದರ ಕೊನೆಯಲ್ಲಿ ಓರೆಯಾಗಿ ಇಳಿದಿದ್ದ ಕಪ್ಪು ಗೆರೆ ಎಂಟನೆಯದರ ತಲೆಯಲ್ಲಿ ಹಾಗೆಯೇ ಮುಂದುವರಿದಿತ್ತು. ಇನ್ನೊಂದು ತುದಿಗೆ ಆರನೆಯದನ್ನು ಹಿಡಿದು ನೋಡಿದಳು. ಅಲ್ಲೊಂದು ಬೂದು ಕಲ್ಲನ್ನು ಗರಗಸ ಎರಡು ಮಾಡಿತ್ತು. ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ಅದಲುಬದಲಾದ ತಟ್ಟೆ ಹೀಗೆ ಕೂಡುವುದು ಸಾಧ್ಯವೇ ಇಲ್ಲ. ನೋಡುವುದಕ್ಕೆ ಹಿಡಿದದ್ದು ಐದು ನಿಮಿಷ. ಆ ಐದು ನಿಮಿಷ ಅವತ್ತೂ ಇತ್ತು.

ಭಾನುವಾರ ಬೆಳಗ್ಗೆ ಅವಳು ತಮ್ಮನ ಮನೆಗೆ ಹೋದಳು. ಎಲ್ಲಿಗೋ ಹೊರಟ ಅವನ ಹೆಂಡತಿ, ಮಗಳು ಬಾಗಿಲಲ್ಲೇ ನಿಂತಿದ್ದರು. ಅವನು ಒಳಗೆ ಗ್ಯಾಸ್ ನೋಡಿ ಬರಲು ಹೋಗಿದ್ದ. "ಮೂರನೇ ಸಲ ಅತ್ತೆ," ಎಂದು ಮಗಳು ನಕ್ಕಳು. "ಅಪ್ಪ ಬೀಗ ಹಾಕಿ ಬಸ್ ಸ್ಟಾಪಿನಿಂದ ವಾಪಸ್ ಬಂದು ಎಳೆದು ನೋಡದಿದ್ರೆ ನಾವು ಮನೆ ಬಿಟ್ಟ ಹಾಗೇ ಅಲ್ಲ." ಅಂಗಡಿಯಲ್ಲೂ ಅವನು ಪ್ರತಿ ಗಾಜನ್ನು ನಾಲ್ಕು ಸಲ ಅಳೆಯುತ್ತಾನಂತೆ, ಅದಕ್ಕೇ ಅವನನ್ನು ಕೌಂಟರಿಗೆ ಕೂರಿಸಲಿಲ್ಲವಂತೆ. ಎಲ್ಲರಿಗೂ ಅದು ತಮಾಷೆ. ಅಕ್ಕನೂ ನಗಲು ನೋಡಿದಳು, ಆಗಲಿಲ್ಲ. ಲ್ಯಾಬಿನಲ್ಲಿದ್ದಾಗ ಅವನು ಹೀಗಿರಲಿಲ್ಲ.

ಹೆಂಡತಿ ಮಗಳನ್ನು ಮುಂದೆ ಕಳಿಸಿ ಅವನು ಅಕ್ಕನನ್ನು ಒಳಗೆ ಕರೆದ. ಅವಳು ಸುತ್ತಿ ಬಳಸದೆ ಹಡಗಿನ ಸುದ್ದಿ ಹೇಳಿದಳು, ಗೆರೆಯ ವಿಷಯ ಹೇಳಿದಳು, ಕಲ್ಲಿನ ವಿಷಯ ಹೇಳಿದಳು. ಬೈದಾನು, ಬಾಗಿಲು ತೋರಿಸಿಯಾನು ಎಂದು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದಳು. ಅವನು ಬೈಯಲಿಲ್ಲ.

"ನಾನು ತಪ್ಪು ಮಾಡಿದೆ ಅಂತಲೇ ನಂಬಿಬಿಟ್ಟಿದ್ದೆ ಅಕ್ಕ," ಎಂದ. "ನೀನು ಹೇಳಿದ ಮೇಲೆ ಇನ್ನೇನು? ಆ ತಟ್ಟೆ ಎಲ್ಲಿ ಬದಲಾಯ್ತು, ಯಾವ ಗಳಿಗೆಯಲ್ಲಿ ಬದಲಾಯ್ತು ಅಂತ ಎಷ್ಟು ವರ್ಷ ಹುಡುಕಿದೀನಿ ಗೊತ್ತಾ?"

ಅಕ್ಕ ಕೈ ತೊಳೆದುಕೊಂಡು ಎದ್ದು ಬರುವುದಾಗಿದ್ದರೆ ಅಲ್ಲಿಗೇ ಎದ್ದು ಬರಬಹುದಿತ್ತು; ತಮ್ಮ ಅಷ್ಟಕ್ಕೇ ಕಣ್ಣು ಒರೆಸಿಕೊಂಡು ಹಗುರಾಗಿದ್ದ. ಆದರೆ ಅವನು ಮುಂದಿನ ಪ್ರಶ್ನೆ ಕೇಳಿದ.

"ನಿನಗೆ ಯಾವಾಗ ಅನುಮಾನ ಬಂತು?"

"ಅವತ್ತೇ," ಎಂದಳು ಅಕ್ಕ. "ಸಭೆ ಮುಗಿದ ಸಾಯಂಕಾಲ ಶೀತಕೋಣೆಗೆ ಹೋದೆ. ಎಂಟನೇ ತಟ್ಟೆ ಅರ್ಧ ಎಳೆದೆ. ನೋಡಿದ್ರೆ ಒಪ್ಪಿಕೋಬೇಕಾಗುತ್ತೆ ಅನ್ನಿಸ್ತು. ಹಾಗೇ ಒಳಗೆ ತಳ್ಳಿಬಿಟ್ಟೆ."

ಮಗಳು ಕಾಯುತ್ತಿರುತ್ತಾಳೆ ಎಂದು ತಮ್ಮ ಎದ್ದ. ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಮಾತಿನಲ್ಲಿ ಮರ್ಯಾದೆ ಕಡಿಮೆಯಾಗಲಿಲ್ಲ; ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಅಕ್ಕ ತಿದ್ದುಪಡಿ ಬರೆದಳು. ಹಿಮ ಕೂತದ್ದು ಅಲುಗಲಿಲ್ಲ ಎಂಬ ತನ್ನ ಮಾತು ತಪ್ಪು, ನಡುವೆ ಸಮುದ್ರ ತೆರೆದಿತ್ತು, ಅದನ್ನು ಮೊದಲು ಕಂಡವನು ಇಂಥವನು, ತಟ್ಟೆ ಅದಲುಬದಲಾಗಿರಲಿಲ್ಲ, ಕಂಡವನ ಮಾತನ್ನು ಪರೀಕ್ಷಿಸದೆ ತಳ್ಳಿಹಾಕಿದವಳು ತಾನು. ಪತ್ರಿಕೆಯವರು ಕೊನೆಯ ವಾಕ್ಯ ಬೇಡವೆಂದರು, ಅವಳು ತೆಗೆಯಲಿಲ್ಲ. ಅಚ್ಚಾದ ಪ್ರತಿಯನ್ನು ತಮ್ಮನಿಗೆ ಅಂಚೆಯಲ್ಲಿ ಕಳಿಸಿದಳು. ನಿವೃತ್ತಿಯ ದಿನ ಅವನ ಹೆಂಡತಿ ಮಗಳು ಬಂದರು, ಅವನು ಬರಲಿಲ್ಲ. ಅಂಗಡಿಯಲ್ಲಿ ಕೆಲಸವಿದೆಯಂತೆ. ಅಂಗಡಿಗೆ ಅಂದು ರಜೆಯೆಂದು ಮೂವರಿಗೂ ಗೊತ್ತಿತ್ತು. ಯಾರೂ ಎತ್ತಿ ಆಡಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವನ ಫೋನ್ ಬಂತು. ಯೋಗಕ್ಷೇಮದ ಮಾತಿಲ್ಲ. ಆ ನಾಲ್ಕು ಬೆರಳಗಲ ಕೆಸರು ಕೂಡಿಕೊಳ್ಳಲು ಎಷ್ಟು ಸಾವಿರ ವರ್ಷ ಹಿಡಿದಿರಬಹುದು ಎಂದು ಕೇಳಿದ. ಇನ್ನೂ ಗೊತ್ತಾಗಿಲ್ಲ, ಹಡಗಿನವರು ಚಿಪ್ಪುಗಳನ್ನು ಆರಿಸಿ ಲೆಕ್ಕ ಹಾಕುತ್ತಿದ್ದಾರೆ, ವರ್ಷವಾದರೂ ಬೇಕು ಎಂದಳು.

"ಗೊತ್ತಾದ್ರೆ ಹೇಳು," ಎಂದು ಅವನು ಫೋನಿಟ್ಟ.

ಅವಳು ಅಂದೇ ಹಡಗಿನವರಿಗೆ ಕಾಗದ ಬರೆಯಲು ಕೂತಳು.